ಸೋರುವ ಜಾಗ

ಮಾಡಿಗೆ ಗಟ್ಟಿಯಾಳು ಬೇಡ, ಹಗುರದವರು ಬೇಕು
ಎನ್ನುತ್ತಿದ್ದರು ಮೊಯ್ದು ಮೇಸ್ತ್ರಿ.
ರೇಷನ್ ಅಂಗಡಿಯ ತಕ್ಕಡಿಯಲ್ಲಿ ನಾನು
ನಲವತ್ತೊಂದು ಕಿಲೋ ತೂಗಿ
ಸಾಲಿನವರೆಲ್ಲ ನಕ್ಕ ದಿನವೇ
ಏಣಿ ಹತ್ತಿಸಿದರು.

ಈಗ ಅವರ ಮಂಡಿ ಕೈಕೊಟ್ಟಿದೆ.
ಅಂಗಳದಲ್ಲಿ ಕುರ್ಚಿ ಹಾಕಿ ಕೂತು
ಕಿವಿಯಿಂದಲೇ ಕೆಲಸ ಮಾಡಿಸುತ್ತಾರೆ:
"ಚೋಮಿ, ಅದು ಸೀಳು. ಪಕ್ಕಕ್ಕಿಡು."
ಗೆಣ್ಣಿನಿಂದ ತಟ್ಟಿದರೆ ಒಳ್ಳೆ ಹೆಂಚು ಗಂಟೆ,
ಸೀಳಿದ್ದು ಮುದುಕನ ಕೆಮ್ಮು.

ಹೂಮಳೆ ಮುಗಿದು ಕಾಫಿ ಕಾಯಿ ಕಚ್ಚುವಾಗ ಶುರು.
ರೋಹಿಣಿ ದಾಟುವುದರೊಳಗೆ ಚೇರಂಬಾಣೆಯ ಹನ್ನೊಂದು ಮಾಡು.
ಪಾಚಿ ಕೆರೆಯಬೇಕು,
ದೋಣಿಯಿಂದ ಸಿಲ್ವರ್ ಮರದ ಎಲೆ ಬಾಚಬೇಕು,
ಕೋತಿ ಸರಿಸಿದ್ದನ್ನು ಮತ್ತೆ ಕೂರಿಸಬೇಕು,
ಗಾಳಿ ಮೊದಲು ಕೈಹಾಕುವ ಪಡುವಣದಂಚಿಗೆ
ತಾಮ್ರದ ತಂತಿ ಬಿಗಿಯಬೇಕು,
ಕಬ್ಬಿಣದ್ದು ಎರಡೇ ಮಳೆಗೆ ತುಕ್ಕು.
ಆಮೇಲೆ ಬರಲಿ ಕಕ್ಕಡ, ಎಷ್ಟು ಬೇಕೋ ಅಷ್ಟು.

ಮೇಸ್ತ್ರಿಯ ಪಾಠ ಎರಡೇ.
ಹನಿ ಬೀಳುವಲ್ಲಿ ತೂತು ಇರುವುದಿಲ್ಲ;
ನೀರು ಎಲ್ಲೋ ನುಗ್ಗಿ, ಪಕ್ಕಾಸು ಹಿಡಿದು ನಡೆದು,
ತನಗೆ ಬೇಕಾದಲ್ಲಿ ಇಳಿಯುತ್ತದೆ.
ಇನ್ನೊಂದು, ಹೆಂಚು ತೆಗೆದಾಗ ಕಂಡದ್ದು
ಹೆಂಚು ಮುಚ್ಚಿದಾಗ ಮುಚ್ಚಿತು.
ಹಾಗಾಗಿ ನಾನು ಹೇಳುವವಳಲ್ಲ
ಯಾರ ಅಟ್ಟದಲ್ಲಿ ಯಾರ ಫೋಟೊ ಗೋಡೆಗೆ ಮುಖ ಮಾಡಿದೆ,
ಯಾರ ಅಕ್ಕಿ ಪೆಟ್ಟಿಗೆಯಲ್ಲಿ ಬಾಟಲಿ.

ಪೊನ್ನಕ್ಕಿಯದು ಮಾತ್ರ ಹೇಳುತ್ತೇನೆ.
ಹೇಳು ಎಂದವಳು ಅವಳೇ.

ಅವಳ ಗಂಡ ಉತ್ತಯ್ಯ ಲೆಕ್ಕದವನು.
"ಹೋದ ವರ್ಷವಷ್ಟೇ ಮಾಡಿಸಿದ್ದು. ಎಲ್ಲಿ ಸೋರುತ್ತೆ?"
"ಒಳಕೋಣೆಯಲ್ಲಿ. ಹೊಲಿಗೆ ಮಿಷನ್ ಮೇಲೆ."
ತೋರಿಸಿದಳು: ನೆಲದ ಮೇಲೆ ಬಕೆಟ್ಟು, ಅದರಲ್ಲಿ ಅರ್ಧ ನೀರು.
ಮಳೆ ಬಂದು ಒಂಬತ್ತು ದಿನವಾಗಿತ್ತು.
ನಾನು ಬಕೆಟ್ಟನ್ನು ನೋಡಿದೆ,
ಅವಳು ನನ್ನನ್ನು.

ಮೇಲೆ ಹೋಗಿ ಪಕ್ಕಾಸು ತಡವಿದೆ. ಬೆಚ್ಚಗೆ, ಒಣಗಿತ್ತು.
ತಟ್ಟುತ್ತ ಬಂದೆ. ಗಂಟೆ. ಗಂಟೆ. ಗಂಟೆ.
ಕೆಳಗೆ ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದು
ಸುಮ್ಮನಾದರು.

ಒಂದು ಹೆಂಚು ಎತ್ತಿದೆ.
ಬಿಸಿಲು ನನ್ನ ಕಂಕುಳಡಿಯಿಂದ ನುಸುಳಿ
ಮಿಷನ್ನಿನ ಚಕ್ರದ ಮೇಲೆ ಕೂತಿತು.
ಪೊನ್ನಕ್ಕಿ ಸೂಜಿಗೆ ದಾರ ಪೋಣಿಸಿದಳು, ಒಂದೇ ಸಲಕ್ಕೆ.
ತಲೆಯೆತ್ತದೆ ಕೇಳಿದಳು:
"ಗಾಜಿನ ಹೆಂಚು ಇದೆಯಾ ಚೋಮಿ?
ಕಕ್ಕಡದಲ್ಲಿ ಕರೆಂಟು ಹೋದರೆ ಹೋಯಿತು.
ಬೆಳಕಿಗೆ ಅಂದರೆ ಇವರು ದುಡ್ಡು ಬಿಚ್ಚಲ್ಲ,
ಸೋರುತ್ತೆ ಅಂದರೆ ಬಿಚ್ತಾರೆ."

ಒಳ್ಳೆ ಹೆಂಚು ಒಡೆಯುವುದು ಸುಲಭವಲ್ಲ.
ಮೊಣಕಾಲಿಟ್ಟು ಒತ್ತಿದೆ,
ನಲವತ್ತೊಂದು ಕಿಲೋ ಸಾಲಲಿಲ್ಲ.
ಕೊನೆಗೆ ಅಂಗಳಕ್ಕೆ ಜಾರಿಸಿಬಿಟ್ಟೆ.
ಉತ್ತಯ್ಯ ಓಡಿ ಬಂದ.
ಮೇಸ್ತ್ರಿ ಕಾಲ ಬಳಿಯ ಚೂರೊಂದನ್ನು ಎತ್ತಿ
ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ
"ಹಳೇ ಸೀಳು" ಎಂದರು.
ಒಂದು ಹೊತ್ತಿನ ನಮಾಜೂ ತಪ್ಪಿಸದ ಮನುಷ್ಯ.

ಚೀಟಿಯಲ್ಲಿ ಬರೆದೆ:
ಸೋರುವ ಜಾಗ ಒಂದು. ಸರಿಮಾಡಿದ್ದೇನೆ.

ಈಗ ಆಶ್ಲೇಷಾ. ನನ್ನ ಲೈನ್‌ಮನೆಯ ಶೀಟಿನ ಮೇಲೆ
ಆರು ಹಳೆ ಟೈರು, ಒಂಬತ್ತು ಕಲ್ಲು,
ಸದ್ದಿಗೆ ಮಾತು ಕೇಳಿಸದು.
ಉತ್ತಯ್ಯನೂ ಲೆಕ್ಕದ ಪುಸ್ತಕ ಹಿಡಿದು
ಮಿಷನ್ ಪಕ್ಕ ಬಂದು ಕೂರುತ್ತಾನಂತೆ,
ಸರಿ ಕೂತಿದೆ ಈ ಹೆಂಚು, ಒಂದು ಹನಿ ಇಲ್ಲ ಎನ್ನುತ್ತಾನಂತೆ.

ನಿನ್ನೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ
ರವಿಕೆಯೊಂದನ್ನು ಕಳಿಸಿದ್ದಾಳೆ ಪೊನ್ನಕ್ಕಿ.
ಅಳತೆ ಕೊಟ್ಟಿರಲಿಲ್ಲ ನಾನು.
ಎಲ್ಲಿಯೂ ದೊಗಳೆಯಿಲ್ಲ,
ತೋಳೆತ್ತಿದರೂ ಕಂಕುಳಲ್ಲಿ ಹಿಡಿಯುವುದಿಲ್ಲ.