ಕೊಸರು

ನಲವತ್ತಮೂರು ನಿಯಮ ಬರೆದವನು ನಾನೇ.
ಹಗಲೆಲ್ಲ ಮಂಡಿಪೇಟೆಯಲ್ಲಿ ಬೇರೆಯವರ ಲೆಕ್ಕ.
ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡರೆ
ಕರಿಹೊಳೆ ಸೀಮೆಯ ಕಾನೂನು ನನ್ನದು.

ಏಳನೆಯದು: ಒಳಗಿದ್ದಾಗ ಹೊರಗಿನ ಮಾತಿಲ್ಲ.
ಕರೆಂಟು ಹೋಯಿತು, ಅಮ್ಮ ಕರೆದಳು, ನಾಳೆ ಪರೀಕ್ಷೆ,
ಯಾವುದೂ ಕೂಡದು. ಕರಿಹೊಳೆಯಲ್ಲಿ ಕರೆಂಟೇ ಇಲ್ಲ.
ಹನ್ನೊಂದು: ಹತ್ತು ನಿಮಿಷ ಸುಮ್ಮನಿದ್ದವರು
ನಿಂತ ಜಾಗದ ಪಾಲು.
ಹತ್ತೊಂಬತ್ತು: ಸತ್ತವರು ಮಾತಾಡಕೂಡದು.
ಇಪ್ಪತ್ತೆರಡು: ಇನ್ನೊಬ್ಬರ ಕೈಯನ್ನು ನೀವು ಆಡಿಸಬೇಡಿ.

ಹರಿಹರದ ಓಬಳೇಶ, ಆಟದಲ್ಲಿ ಕೋಟೆ ಕಾಯುವವನು,
ಇನ್ನೂ ಬಿಗಿ ಮಾಡಿ ಅನ್ನುತ್ತಿದ್ದ.
"ಬೇಲಿ ಸಡಿಲಾದ್ರೆ ಎಮ್ಮೆ ಬರ್ತವೆ ಸಾರ್,
ರಾಕ್ಷಸರು ಬರಲ್ಲ."
ಮಂತ್ರವಾದಿಯೊಬ್ಬ ಯುದ್ಧದ ನಡುವೆ
"ತಡೀರಿ, ದೋಸೆ ಆರುತ್ತೆ" ಎಂದು ಬರೆದು
ಸತ್ತುಬಿದ್ದವರೆಲ್ಲ ನಕ್ಕುಬಿಟ್ಟಿದ್ದರು.
ಅವನನ್ನು ಮೂರು ದಿನ ಹೊರಗಿಟ್ಟೆ.
ನಕ್ಕ ಹೆಣಗಳಿಗೂ ಒಂದೊಂದು ದಿನ.

ಅಂಬಿಗನೊಬ್ಬನಿದ್ದ. ಮುದುಕ, ಒಂಟಿಗಣ್ಣ.
ಹೆಸರು ಕೇಳಿದರೆ
"ದಡಕ್ಕೆ ಹೆಸರುಂಟು, ನನಗಿಲ್ಲ" ಅನ್ನುವನು.
ಅವನನ್ನು ಆಡುವವರು ಯಾರೋ, ಊರು ಮಾತ್ರ ನಮ್ಮದೇ.
ಎರಡು ವರ್ಷ ಒಂದು ತಪ್ಪಿಲ್ಲ.
ಒಂದು ರಾತ್ರಿ ಬರೆದ:
"ಕೈ ಸುಟ್ಟಿದೆ. ಹುಟ್ಟು ಹಿಡಿಯಲಾರೆ. ಮರಳು ಕಾದಿತ್ತು."
ನಾನು: "ಹೊಳೆಯ ಮರಳು ರಾತ್ರಿ ಕಾಯುವುದಿಲ್ಲ.
ನಿಯಮ ಮೂವತ್ತು, ಕಾರಣವಿಲ್ಲದ ಗಾಯ ಸಲ್ಲದು."
ಅವನು ದೋಣಿ ಬಿಟ್ಟ. ನಡುಹೊಳೆಯಲ್ಲಿ ನಿಂತ.
ಎಂಟು ನಿಮಿಷ. ಒಂಬತ್ತು.
"ಹೊಳೆ ಅಂಬಿಗನನ್ನು ತನ್ನವನೆಂದು ಕರೆದುಕೊಂಡಿತು."
ಒಳ್ಳೆಯ ಸಾಲು ಅನ್ನಿಸಿತ್ತು.

ನನ್ನಜ್ಜ ಜಗಳೂರು ಕಡೆ ದೊಡ್ಡಾಟದ ಸಾರಥಿ.
ಕಿರೀಟ ಕಟ್ಟಿದ ಮೇಲೆ ಬೀಡಿ ಸೇದುವಂತಿಲ್ಲ,
ಹೆಂಡತಿ ಕರೆದರೂ ತಿರುಗುವಂತಿಲ್ಲ.
ಒಮ್ಮೆ ರಕ್ಕಸರಾಜನ ಹಿಮ್ಮಡಿಗೆ ಚೇಳು ಕುಟುಕಿತು.
ಅವನು ತಾಳ ಬಿಡಲಿಲ್ಲ, ದನಿ ಇಳಿಸಲಿಲ್ಲ:
"ಎಲೈ ಸಾರಥಿ, ಬೆಂಕಿಯ ಬಾಣವೊಂದು
ನೆಲದೊಳಗಿಂದ ಬಂದು ಕಾಲಿಗೆ ನಾಟಿತಲ್ಲೋ!"
ಅಜ್ಜ ಪುಸ್ತಕ ನೋಡಲಿಲ್ಲ, ಕಾಲು ನೋಡಿದ.
"ರಥ ಹಿಂದಿರುಗಲಿ ಪ್ರಭು" ಎಂದು
ರಾಜನನ್ನು ಹೆಗಲ ಮೇಲೆ ಹೊತ್ತು ಒಳಗೆ ಹೋದ.
ಜನ ಶಿಳ್ಳೆ ಹೊಡೆದರು, ಅದೂ ಆಟವೆಂದೇ.

ನಿಯಮ ಅಂದರೆ ಹೀಗಿರಬೇಕು ಎಂದು
ಎಷ್ಟು ಜನಕ್ಕೆ ಈ ಕತೆ ಹೇಳಿದ್ದೇನೋ.
ಹೇಳುತ್ತಿದ್ದದ್ದು ರಾಜನ ಬಗ್ಗೆ.
ಅಜ್ಜನ ಬಗ್ಗೆ ಅಲ್ಲ.

ಮೊನ್ನೆ ಭಾನುವಾರ ಬಾಷಾನಗರದ ಭಟ್ಟಿಗೆ ಹೋದೆ, ಮಂಡಕ್ಕಿಗೆ.
ಹೊಟ್ಟಿನ ಹೊಗೆ. ಬಾಣಲೆಯಲ್ಲಿ ಮರಳು.
ಎಷ್ಟು ಕಾದರೆ ಸರಿ ಎಂದು ಎಲ್ಲೂ ಬರೆದಿಲ್ಲ,
ಒಬ್ಬಾತ ನಾಲ್ಕು ಕಾಳು ಎಸೆದು ನೋಡುತ್ತಿದ್ದ.
ಲೆಕ್ಕ ಬರೆಯುವ ಹುಡುಗಿಯ ಬಲಗೈಗೆ ಬಟ್ಟೆ ಸುತ್ತಿತ್ತು,
ಎಡಗೈಯಲ್ಲಿ ಪೆನ್ನು.
"ಮುಬೀನಾ, ಇವರಿಗೆ ಎರಡು ಸೇರು."

ಕೇಳಬಾರದ ಕಡೆ ಕೇಳಿದೆ:
"ಕತ್ತಲಾಗುವ ಮುಂಚೆ ದಾಟಿಸುತ್ತೀಯಾ, ಅಂಬಿಗ?"
ಪೆನ್ನು ನಿಂತಿತು.
ಹತ್ತೊಂಬತ್ತನೆಯದು ಅವಳಿಗೆ ಬಾಯಿಪಾಠವೇ ಇದ್ದೀತು.
ಇಲ್ಲವೇ, ಮಂಡಕ್ಕಿಗೆ ಬರುವ ಹುಚ್ಚರಿಗೆಲ್ಲ
ಉತ್ತರ ಕೊಡುವ ರೂಢಿ ಇರಲಿಕ್ಕಿಲ್ಲ.
ಸೇರು ತುಂಬಿ, ಎಡ ಅಂಗೈಯಿಂದ ಅಂಚು ಸವರಿ ಸುರಿದಳು.
ಒಂದು. ಎರಡು. ಒಂದು ಕಾಳು ಹೆಚ್ಚಿಲ್ಲ.
ಆಮೇಲೆ ಒಂದು ಹಿಡಿ, ಲೆಕ್ಕಕ್ಕೆ ಸೇರದ್ದು,
ಮೇಲೆ ಹಾಕಿ, ಮುಖ ನೋಡದೆ
ಮುಂದಿನವರನ್ನು ಕರೆದಳು.

ಈಗ ರಾತ್ರಿ ಹನ್ನೊಂದು.
ನಲವತ್ತನಾಲ್ಕು ಎಂದು ಬರೆದು, ಮುಂದೆ ಏನೂ ಬರೆಯದೆ
ಮಂಡಕ್ಕಿ ತಿನ್ನುತ್ತ ಕೂತಿದ್ದೇನೆ.
ದೋಣಿ ನಡುಹೊಳೆಯಲ್ಲೇ ಇದೆ.
ನಾನೇ ಹೋಗಿ ದಡಕ್ಕೆ ತರುವಂತಿಲ್ಲ, ಇಪ್ಪತ್ತೆರಡು.
ಮುಳುಗಿಸುವಾಗ ಅದು ನೆನಪಾಗಿರಲಿಲ್ಲ.