ಮೂವತ್ತೈದು ಸೆಂಟು

ನಾಲ್ಕನೇ ಕೌಂಟರು ನನ್ನದು.
ಸ್ಯಾಗಿನಾ ಕೌಂಟಿ ಕಚೇರಿ, ಎರಡನೇ ಮಹಡಿ.
ಹೀಟರು ಕೆಮ್ಮುತ್ತದೆ. ಕಿಟಕಿಯಾಚೆ
ನದಿ ಹೆಪ್ಪುಗಟ್ಟಿ ಮೂರು ವಾರ.

ಬಾಗಿಲು ತೆರೆದೊಡನೆ ಬಂದವಳು ಕೊರಿನ್ ವೊಯ್ಚಿಕ್.
ಸೊಂಟದ ಮೇಲೆ ಮಗ, ಕಂಕುಳಲ್ಲಿ ಫೈಲು.
ಅವಳ ಬೂಟಿನಿಂದ ಕರಗಿದ ಹಿಮ
ಅವಳಿಗಿಂತ ಮೊದಲು ಹರಿದು
ಕೌಂಟರಿನ ಬುಡ ಮುಟ್ಟಿತು.

ಕೇಳಬೇಕಾದ್ದು ಕೇಳಿದೆ.
ವಾರಕ್ಕೆ ಎಷ್ಟು ಗಂಟೆ ಕೆಲಸ?
ಇಪ್ಪತ್ತೆಂಟು. ವೃದ್ಧಾಶ್ರಮ. ಹಾಸಿಗೆ ಹಿಡಿದವರನ್ನು
ಮಗ್ಗುಲು ಬದಲಿಸಿ ಮಲಗಿಸುವುದು.
ಎಷ್ಟು ಗಂಟೆ ಓದು?
ಹನ್ನೆರಡು. ನರ್ಸಿಂಗ್, ಎರಡನೇ ಸೆಮಿಸ್ಟರು.
ಬಸ್ಸಿಗಾಗಿ ನಿಲ್ಲುವ ಗಂಟೆಗಳಿಗೆ
ಫಾರಮ್ಮಿನಲ್ಲಿ ಕಾಲಮ್ಮಿಲ್ಲ ಅಂದೆ,
ನಿದ್ದೆಗೂ ಇಲ್ಲ.
"ನಿದ್ದೆ ಬಿಡಿ, ಅದು ನನ್ನ ಹತ್ತಿರವೂ ಇಲ್ಲ" ಅಂದು ನಕ್ಕಳು.

ಮಗುವಿನ ತಂದೆ?
ಪೆನ್ನು ಗೆರೆಯ ಮೇಲೆ ತುಸು ಹೊತ್ತು ನಿಂತು
ಒಂದು ಅಡ್ಡಗೀಟು ಎಳೆಯಿತು.

ಮಗನ ಹೆಸರು ತಡೇಯಸ್, ಎರಡೂವರೆ ವರ್ಷ.
ನನ್ನ ಸ್ಟೇಪ್ಲರು ಕಂಡು "ಮೊಸಳೆ" ಅಂದ.
ಅಲ್ಲ ಅನ್ನಲು ನನ್ನಲ್ಲಿ ಪುರಾವೆ ಇರಲಿಲ್ಲ.

ಹಗಲೆಲ್ಲ ಅವನು ಒಡೆಸ್ಸಾ ಪಿಕೆಟ್ಟಮ್ಮನ ನೆಲಮಾಳಿಗೆಯಲ್ಲಿ.
ಆರು ಮಕ್ಕಳು, ಒಂದು ಕಿವುಡು ನಾಯಿ,
ಗೋಡೆ ತುಂಬ ಬಣ್ಣದ ಅಂಗೈ.
ಇನ್ನೂ ಕತ್ತಲಿರುವಾಗಲೇ ಹೊಸಿಲ ದೀಪ ಹೊತ್ತುತ್ತದೆ.
ನಮ್ಮ ಚೆಕ್ಕು ಅವಳಿಗೆ ತಡವಾಗುತ್ತದೆ, ಎರಡು ತಿಂಗಳೂ ಆದದ್ದುಂಟು.
ಓಟ್ಸ್ ಗಂಜಿ ಮಾತ್ರ ಒಂದು ದಿನವೂ ತಡವಾಗಿಲ್ಲ.

"ಇನ್ನೊಂದು ವಿಷಯ."
ದನಿ ಇಳಿಸಿದಳು, ಕದ್ದು ಸಿಕ್ಕಿಬಿದ್ದವಳ ಹಾಗೆ.
"ಸಂಬಳ ಏರಿಸಿದ್ದಾರೆ.
ಗಂಟೆಗೆ ಮೂವತ್ತೈದು ಸೆಂಟು."

ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ.
ಏರಿದ್ದು ವಾರಕ್ಕೆ ಒಂಬತ್ತು ಡಾಲರು, ಎಂಬತ್ತು ಸೆಂಟು.
ಗೆರೆ ದಾಟಿದ್ದು ತಿಂಗಳಿಗೆ ಹನ್ನೊಂದು ಡಾಲರು.
ಹೋಗುವುದು ವಾರಕ್ಕೆ ನೂರ ಎಂಬತ್ತು:
ಗಂಜಿ, ದೀಪ, ಕಿವುಡು ನಾಯಿ ಎಲ್ಲ ಸೇರಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ.
ಆ ಪೂಜಾರಿ ನಾನೇ ಅಂತ
ಸರದಿಯಲ್ಲಿ ನಿಂತವರೆಲ್ಲ ನಂಬಿದ್ದಾರೆ.
ದೇವರ ಮುಖ ನಾನೂ ನೋಡಿದವಳಲ್ಲ.
ಲಾನ್ಸಿಂಗಿನಿಂದ ಸುತ್ತೋಲೆ ಬರುತ್ತದೆ, ಅಷ್ಟೆ.

"ಹಾಗಾದರೆ ಬೇಡ ಅಂತ ಹೇಳಿಬಿಡಲೇ?"
ಸಲಹೆ ಕೊಡುವ ಅಧಿಕಾರ ನನಗಿಲ್ಲ ಅಂದೆ.
ಅನ್ನುತ್ತಲೇ ಪರದೆಯನ್ನು
ಅವಳ ಕಡೆಗೆ ತಿರುಗಿಸಿದೆ.
ಇಬ್ಬರೂ ಸುಮ್ಮನೆ ನೋಡಿದೆವು.

ಇಪ್ಪತ್ತಾರು ವರ್ಷದ ಹಿಂದೆ
ಗಾಜಿನ ಆ ಬದಿಯಲ್ಲಿ ನಾನಿದ್ದೆ,
ಮಡಿಲಲ್ಲಿ ಜ್ವರದ ಮಗಳು.
ಆಗ ಗೆರೆ ಬೇರೆ ಕಡೆ ಇತ್ತು.
ಎಲ್ಲಿದ್ದರೂ ಕತ್ತಲಲ್ಲೂ ಅಂಗಾಲಿಗೆ ತಿಳಿಯುತ್ತಿತ್ತು,
ಒಡೆದ ಗಾಜಿನ ಹಾಗೆ.
ಇದನ್ನು ಅವಳಿಗೆ ಹೇಳಲಿಲ್ಲ.
ಹೇಳಿದ್ದರೆ ಏನಾಗುತ್ತಿತ್ತು, ಇನ್ನೂ ಗೊತ್ತಿಲ್ಲ.

ಕಾರಿಡಾರಿನಲ್ಲಿ ನಿಂತು ಫೋನು ಮಾಡಿದಳು.
"ಹೌದು, ತುಂಬ ಥ್ಯಾಂಕ್ಸ್. ಇಲ್ಲ, ಸಿಟ್ಟೇನಿಲ್ಲ.
ಈಗ ಬೇಡ. ಓದು ಮುಗಿಯಲಿ, ಆಮೇಲೆ ನೋಡೋಣ."
ಹಸಿದು ಪಂಕ್ತಿಗೆ ಕೂತವಳು
ಸಾಕು, ಸಾಕು ಅಂತ
ಎಲೆಗೆ ಕೈ ಅಡ್ಡ ಹಿಡಿದ ಹಾಗೆ.

ಒಳಗೆ ಬಂದು ಸಹಿ ಹಾಕಿದಳು. ಹಳೆಯ ಸಂಬಳ, ಹಳೆಯ ಅಂಕಿ.
ಮುದ್ರೆ ಒತ್ತಿದೆ. ಆರು ತಿಂಗಳಿಗೆ ಮಂಜೂರು.
ಮಗುವನ್ನೆತ್ತಿ ಹೊರಟಳು, ಬಸ್ಸಿಗೆ ನಾಲ್ಕು ನಿಮಿಷ.

ಮುಂದಿನವರ ಕಾಗದ ಜೋಡಿಸಹೋದರೆ
ಮೇಜಿನ ಮೇಲೆ ಮೊಸಳೆ ಇಲ್ಲ.

ಕಚೇರಿಯ ಸಾಮಾನು ಕಳೆದರೆ ಅದಕ್ಕೊಂದು ಫಾರಮ್ಮಿದೆ,
ಬೇಕಾದಷ್ಟು ಕಾಲಮ್ಮುಗಳಿವೆ.
ಸಂಜೆಯವರೆಗೂ ಅರ್ಜಿಗಳ ಮೂಲೆ ಮಡಚಿ, ಕ್ಲಿಪ್ಪು ಸಿಕ್ಕಿಸಿ
ಮೇಲಕ್ಕೆ ಕಳಿಸಿದೆ.