ಮಕ್ತುಮಸಾಬನ ಹಂದಿಗಳು

ಎಲೆಕ್ಷನ್ ಮುಗಿದು, ಠಾಣೆಯಿಂದ
ಬಂದೂಕು ಬಿಡಿಸಿಕೊಂಡು ತಂದು ಹನ್ನೊಂದು ದಿನ.
ಇನ್ನೂ ಅದರ ಕಟ್ಟಿಗೆಗೆ ಮಾಲಖಾನೆಯ ವಾಸನೆ:
ಇಲಿ, ಹಳೇ ಕಾಗದ, ಯಾರದೋ ಬೀಡಿ.
ನಳಿಗೆಗೆ ಕಟ್ಟಿದ ಚೀಟಿಯಲ್ಲಿ ಮತ್ತೆ
ಅಪ್ಪನ ಹೆಸರನ್ನೇ ಬರೆದಿದ್ದರು;
ಲೈಸೆನ್ಸು ನನ್ನ ಹೆಸರಿಗಾಗಿ ಆರು ವರ್ಷ.

ಬೆಳೆಗೆ ಬಿದ್ದ ಹಂದಿ ಬೆದರಿಸಲೆಂದು ಕೊಂಡದ್ದು.
ಅಪ್ಪ ಹಾರಿಸಿದ್ದೆಲ್ಲ ಆಕಾಶಕ್ಕೇ.
ಇಪ್ಪತ್ತೆರಡು ವರ್ಷ ಚುಕ್ಕೆಗಳಿಗೆ ಗುರಿಯಿಟ್ಟ ನಳಿಗೆಗೆ
ಈಗ ನೆಲದ ಲೆಕ್ಕ ಕಲಿಸುತ್ತಿದ್ದೇನೆ,
ಇಳಕಲ್ಲಿನಾಚೆ, ಕೈಬಿಟ್ಟ ಕ್ವಾರಿಯಲ್ಲಿ,
ತಿಂಗಳ ಎರಡನೇ ರವಿವಾರ.

ಕೆಂಪು ಕಲ್ಲು ಕೊಯ್ದು
ಯಾರ ಯಾರದೋ ಅಡುಗೆಮನೆಯ ಕಟ್ಟೆಗೆ ಸಾಗಿಸಿ ಉಳಿದ ಗುಂಡಿ.
ಅದರ ಆ ತುದಿಗೆ ನೇತಾಡುತ್ತವೆ ಮಕ್ತುಮಸಾಬನ ಹಂದಿಗಳು,
ಹಳೇ ಕ್ರೇನಿನ ಉಕ್ಕಿನಲ್ಲಿ ಕತ್ತರಿಸಿದವು, ಐದು.
ಒಂದಕ್ಕೆ ಬಾಲ ಇಡಲು ಮರೆತಿದ್ದಾನೆ.
ಮೈಗೆಲ್ಲ ಸುಣ್ಣ.
ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ;
ಹೇಳಿದರೆ ಅದು ಶಾಲೆ.
ನಿಂತು ಒಂದು, ಮಂಡಿಯೂರಿ ಒಂದು, ಕೂತು ಎರಡು,
ಕೊನೆಯದಕ್ಕೆ ಮಾತ್ರ
ಕತ್ತರಿಯಂತೆ ಕಟ್ಟಿದ ಎರಡು ಬಿದಿರುಕೋಲಿನ ಆಸರೆ.
ಗಡಿಯಾರ ಗೊಂಗಡಶೆಟ್ಟಿ ವಕೀಲರ ಕೈಯಲ್ಲಿ.

ಗಾಳಿ ನೋಡಲು ನನ್ನ ಕೋಲಿನ ತುದಿಗೆ
ಮಗ್ಗದಲ್ಲುಳಿದ ಕೆಂಪು ರೇಷ್ಮೆಯ ಒಂದೆಳೆ.
ಅದು ಹುನಗುಂದದ ಕಡೆ ಬಾಗಿದರೆ ಗುರಿ ಒಂದು ಬೆರಳು ಎಡಕ್ಕೆ;
ಸುಮ್ಮನೆ ಇಳಿಬಿದ್ದರೆ, ಉಸಿರು ಬಿಟ್ಟು, ಅರ್ಧ ಉಳಿಸಿಕೊಂಡು,
ಬೆರಳಿಗೂ ತಿಳಿಯದ ಹಾಗೆ ಕುದುರೆ ಎಳೆಯಬೇಕು.

ಮಕ್ತುಮಸಾಬನಿಗೆ ಕಿವಿ ಇಲ್ಲ.
ಮೂವತ್ತು ವರ್ಷ ಕಂಪ್ರೆಸರು, ಸುತ್ತಿಗೆ, ಸಿಡಿಮದ್ದು
ಸರದಿಯ ಮೇಲೆ ತಿಂದು ಮುಗಿಸಿವೆ.
ನಮ್ಮ ಬಲಕ್ಕೆ ಸ್ಟೂಲಿನ ಮೇಲೆ ದುರ್ಬೀನು ಹಿಡಿದು ಕೂತು
ಹಂದಿ ತೂಗಿದರೆ ಬಾವುಟ ಎತ್ತುತ್ತಾನೆ.
ನಮಗೆ ಠಣ್ಣೆನ್ನುವುದು ಆಮೇಲೆ.
ಬಾವುಟಕ್ಕೂ ಸದ್ದಿಗೂ ನಡುವೆ
ಒಂದು ರೆಪ್ಪೆಯಷ್ಟು ಸಂದು;
ಆ ಸಂದಿನಲ್ಲಿ ಗೊತ್ತಿರುವವನು ಅವನೊಬ್ಬನೇ.

ಅವತ್ತು ನನ್ನವು ನಾಲ್ಕೂ ತೂಗಿದವು.
ಹುನಗುಂದದ ಹಲ್ಲಿನ ಡಾಕ್ಟರು, ಕೈ ನಡುಗದ ಮನುಷ್ಯ,
ಐದಕ್ಕೆ ನಾಲ್ಕು ಮುಗಿಸಿ,
ನನಗಿಂತ ಬೇಗನೆ ಮುಗಿಸಿ, ಚಹಾ ಕುಡಿಯುತ್ತಿದ್ದರು.
ಉಳಿದದ್ದು ಬಾಲವಿಲ್ಲದ್ದು, ಎಲ್ಲಕ್ಕಿಂತ ದೂರ.
ಕೋಲಿನ ಕತ್ತರಿಯಲ್ಲಿ ನಳಿಗೆ ಇಟ್ಟೆ.
ಎಳೆ ಇಳಿಬಿತ್ತು.
ಹೊಡೆದೆ.

ಠಣ್!
ಕ್ವಾರಿ ಅದನ್ನೇ ಮೂರು ಸಲ ಹೇಳಿತು.
ಹಿಂದೆ ಚಪ್ಪಾಳೆ. "ದಾನಮ್ಮಕ್ಕ ಕೆಡವಿದ್ಲು ನೋಡ್ರಿ!"
ಬಾವುಟ ಏಳಲಿಲ್ಲ.

"ಕಿವುಡಗ ಏನ್ ಗೊತ್ತಾಗತೈತ್ರಿ," ಯಾರೋ ಅಂದರು,
"ಊರಿಗೂರ ಕೇಳೈತಿ."
ವಕೀಲರು ಪೆನ್ನು ಹಲ್ಲಿಗೆ ತಟ್ಟಿಕೊಳ್ಳುತ್ತ ನನ್ನ ಮುಖ ನೋಡಿದರು.
ನನಗೂ ಕೇಳಿತ್ತು.
ನನ್ನ ಕಿವಿ ನನ್ನ ಪರ ಸಾಕ್ಷಿ ಹೇಳುತ್ತಿತ್ತು,
ದುಡ್ಡು ತಿಂದ ಸಾಕ್ಷಿಯ ಹಾಗೆ, ಕರೆಯದೆಯೇ, ಜೋರಾಗಿ.

ಬೋಲ್ಟು ತೆಗೆದೆ. ಚೇಂಬರು ಖಾಲಿ ತೋರಿಸಿದೆ.
ಬಂದೂಕು ಚಾಪೆಯ ಮೇಲಿಟ್ಟು ನಡೆದೆವು, ನಾನು, ಅವನು.
ಇನ್ನೂರಾ ಮೂವತ್ತು ಹೆಜ್ಜೆ.
ನಾನು ಇನ್ನೂರಾ ಎಂಬತ್ತೆಂದು ಹಿಡಿದಿದ್ದೆ.

ಹಂದಿಯ ಸುಣ್ಣ ಬೆಳಗಿನಷ್ಟೇ ಬಿಳುಪು.
ಅದನ್ನು ತೂಗುಹಾಕಿದ ಕಬ್ಬಿಣದ ಅಡ್ಡಪಟ್ಟಿಯಲ್ಲಿ,
ಬೆನ್ನಿಗಿಂತ ಒಂದು ಗೇಣು ಮೇಲೆ,
ಸೀಸದ ಹೊಸ ಹೂವು ಹೊಳೆಯುತ್ತಿತ್ತು.
ಅಪ್ಪನ ಬಂದೂಕು. ಆಕಾಶದ ಚಟ ಬಿಟ್ಟಿಲ್ಲ.
ನನಗೆ ನಗು ಬಂತು. ಮಕ್ತುಮಸಾಬ ನಗಲಿಲ್ಲ;
ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು
ಬಹಳ ಹೊತ್ತು ನಿಂತಿದ್ದ,
ಜ್ವರ ನೋಡುವವನ ಹಾಗೆ.

ಹಲ್ಲಿನ ಡಾಕ್ಟರಿಗೆ ಸ್ಟೀಲಿನ ಕೊಡ. ನನಗೊಂದು ಟವೆಲ್ಲು.

ಮುಂದಿನ ತಿಂಗಳು ಹೋದರೆ
ಐದೂ ಕಬ್ಬಿಣದ ಪಟ್ಟಿ ಇಲ್ಲ.
ಅಲ್ಲೆಲ್ಲ ಜಾಲಿಯ ತೊಲೆ, ಮೇಲೆ
ಸೈಕಲ್ಲಿನ ಹಳೇ ಟ್ಯೂಬು ಸುತ್ತಿ ಬಿಗಿದಿದ್ದಾನೆ.
ತನಗೇ ಕೇಳದ ದನಿಯಲ್ಲಿ, ಗುಂಡಿ ತುಂಬುವ ಹಾಗೆ ಹೇಳಿದ:
"ಇನ್ನ ಮ್ಯಾಲ ತಪ್ಪಿದ್ರ
ಬಾಯಿ ಮುಚ್ಚಿಕೊಂಡ ಇರ್ತಾವ."